ಫಟಫಟಿಗೆ ಬಸ್ಸಿನ ದೀಪ

ನಮ್ಮ ಮನೆಯ ಮೆಟ್ಟಿಲ ಪಕ್ಕದಲ್ಲಿ ಅಗಲ ಬಾಯಿಯ ಒಂದು ಲೋಹದ ಬೋಗುಣಿ ಇದೆ. ಅದರ ತುಂಬ ಮಣ್ಣು, ಮಣ್ಣಿನ ತುಂಬ ಹೊನಗೊನ್ನೆ ಸೊಪ್ಪು. ಹೊಸದಾಗಿ ಬಂದವರು ಚಪ್ಪಲಿ ಬಿಡುವಾಗ ಅದನ್ನು ನೋಡಿ, "ಕುಂಡ ಚಲೋ ಅದ, ಎಲ್ಲಿ ಸಿಕ್ತು?" ಎಂದು ಕೇಳುತ್ತಾರೆ. ತಳದಲ್ಲಿ ತೂತಿದೆ, ನೀರು ನಿಲ್ಲುವುದಿಲ್ಲ, ಬೇರು ಕೊಳೆಯುವುದಿಲ್ಲ ಎಂದು ಬಗ್ಗಿ ನೋಡಿ ಮೆಚ್ಚುವವರೂ ಇದ್ದಾರೆ. ಆ ತೂತನ್ನು ಮಾಡಿದ್ದು ನಾವಲ್ಲ. ಒಳಗೆ ವಯರು ಬರಲಿ ಎಂದು ಕಾರಖಾನೆಯವರೇ ಮಾಡಿದ್ದು. ಏಕೆಂದರೆ ಅದು ಕುಂಡವಲ್ಲ, ಹೆಡ್‌ಲೈಟು. ಮೊದಲು ಯಾವುದೋ ಬಸ್ಸಿನ ಎಡಗಣ್ಣಾಗಿತ್ತು. ಆಮೇಲೆ ಕೆಲವು ವರ್ಷ ನನ್ನ ಫಟಫಟಿಯ, ಅಂದರೆ ಮೋಟಾರು ಸೈಕಲ್ಲಿನ, ಒಂದೇ ಕಣ್ಣಾಗಿತ್ತು.

ಈ ವಿವರವನ್ನು ನಾನಾಗಿ ಯಾರಿಗೂ ಹೇಳುವುದಿಲ್ಲ. ಹೇಳುವವಳು ನನ್ನ ಹೆಂಡತಿ ನೀಲವ್ವ. "ಅದು ನಮ್ಮ ಮನೆಯವರ ಶಾಣ್ಯಾತನರಿ. ಒಳಗ ಬರ್ರಿ, ಚಾ ಕುಡಕೋತ ಕೇಳೀರಂತ," ಎನ್ನುತ್ತಾಳೆ. ಆಗ ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯುತ್ತೇನೆ. ಅವಳು ಹೇಳುವ ಕಥೆಯಲ್ಲಿ ನಾನು ಸ್ವಲ್ಪ ಹೆಚ್ಚೇ ದಡ್ಡನಾಗಿ ಬರುತ್ತೇನೆ ಎಂಬುದು ನನ್ನ ತಕರಾರು. ಆದ್ದರಿಂದ ಇವತ್ತು ನಿಮಗೆ ನಾನೇ ಹೇಳುತ್ತೇನೆ. ದಡ್ಡತನ ಎಷ್ಟಿತ್ತೋ ಅಷ್ಟೇ ಇರಲಿ, ಅದೇನೂ ಕಡಿಮೆ ಇರಲಿಲ್ಲ.

ನಾನು ಶಿರಸಿಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಮಾಸ್ತರ. ಪಟ್ಟಿ ಇಲ್ಲದೆ ನೆಟ್ಟಗಿನ ಗೆರೆ, ಕೈವಾರವಿಲ್ಲದೆ ವೃತ್ತ ಎಳೆಯುತ್ತಿದ್ದೆ. ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಫೋಟೋ ಒಂದು ನೂಲು ವಾರೆಯಾಗಿದ್ದರೆ ಎದ್ದು ಹೋಗಿ ಸರಿಮಾಡಿ ಬರುತ್ತಿದ್ದೆ. ಇದರಿಂದ ಆ ಮನೆಯವರಿಗೆ ಎಷ್ಟು ಸಂತೋಷವಾಗುತ್ತಿತ್ತೋ ಗೊತ್ತಿಲ್ಲ. ಎರಡನೆಯ ಸಲ ಕರೆದವರು ಕಡಿಮೆ. ಒಟ್ಟಿನಲ್ಲಿ ನನ್ನ ಕಣ್ಣಿನ ಬಗ್ಗೆ ನನಗೆ ಬಹಳ ಗರ್ವವಿತ್ತು.

ನೀಲವ್ವ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ನರ್ಸು. ಊರವರ ಬಾಯಲ್ಲಿ ನರ್ಸಬಾಯಿ. ಸುತ್ತಲ ಹಳ್ಳಿಗಳಿಂದ ಅವಳಿಗೆ ಕರೆ ಬರುತ್ತಿತ್ತು. ಹುಟ್ಟುವ ಕೂಸುಗಳಿಗೆ ಆಫೀಸಿನ ವೇಳೆ ಎಂಬುದು ಗೊತ್ತಿರುವುದಿಲ್ಲವಾದ್ದರಿಂದ ಕರೆ ಬರುತ್ತಿದ್ದದ್ದು ಹೆಚ್ಚಾಗಿ ಕತ್ತಲಾದ ಮೇಲೆ. ಚಕ್ಕಡಿ ಬರಬೇಕು, ಎತ್ತಿಗೆ ಮನಸ್ಸು ಬರಬೇಕು, ಇವಳು ಹೋಗಿ ಮುಟ್ಟಬೇಕು. ಅಷ್ಟರಲ್ಲಿ ಕೆಲವು ಸಲ ಕೂಸು ಬಂದಿರುತ್ತಿತ್ತು, ಕೆಲವು ಸಲ ತಾಯಿ ಹೋಗಿರುತ್ತಿದ್ದಳು. ಅಂಥ ಒಂದು ರಾತ್ರಿ ಹೋಗಿ ಬಂದವಳು ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ. ನೀಲವ್ವನ ಮೌನ ಎಂದರೆ ನಮ್ಮ ಮನೆಯಲ್ಲಿ ಗ್ರಹಣ ಹಿಡಿದ ಹಾಗೆ. ನಾಲ್ಕನೆಯ ದಿನ ನಾನು ಫಟಫಟಿ ಕೊಳ್ಳುವುದೆಂದು ನಿಶ್ಚಯಿಸಿದೆ.

ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಮರುವರ್ಷ ಅದು. ಸರಕಾರವೇ ಬದಲಾಗಿರುವಾಗ ನಾನೇಕೆ ಸೈಕಲ್ಲಿನಲ್ಲೇ ಇರಬೇಕು? ಮಿಲಿಟರಿಯವರು ಯುದ್ಧ ಮುಗಿದ ಮೇಲೆ ಮಾರಿದ್ದ ಗಾಡಿಯೊಂದು ಮೂವರ ಕೈ ದಾಟಿ ನನ್ನ ಕೈಗೆ ಬಂತು. ಕಿಕ್ಕು ಹೊಡೆದರೆ ನಾಲ್ಕು ಮನೆಯ ಕೂಸುಗಳು ಅಳುತ್ತಿದ್ದವು. ಅದರ ಎಲ್ಲ ಭಾಗಗಳೂ ಗಟ್ಟಿಯಾಗಿದ್ದವು, ದೀಪವೊಂದನ್ನು ಬಿಟ್ಟು. ಬ್ಯಾಟರಿ ಸತ್ತುಹೋಗಿದ್ದರಿಂದ ದೀಪ ಇಂಜಿನ್ನಿನ ಮರ್ಜಿಯ ಮೇಲೆ ಉರಿಯುತ್ತಿತ್ತು. ನೆಟ್ಟಗಿನ ದಾರಿಯಲ್ಲಿ ಜೋರಾಗಿ ಹೊರಟರೆ ಚೆನ್ನಾಗಿ ಉರಿಯುವುದು. ತಿರುವು ಬಂತೆಂದು ನಿಧಾನ ಮಾಡಿದರೆ ಅದೂ ಮಂಕಾಗುವುದು. ಬೆಳಕು ಬೇಕಾದಲ್ಲಿ ಇರುವುದಿಲ್ಲ, ಬೇಡವಾದಲ್ಲಿ ಧಾರಾಳ. ಶಿರಸಿಯಿಂದ ಸಿದ್ದಾಪುರಕ್ಕಾಗಲಿ ಯಲ್ಲಾಪುರಕ್ಕಾಗಲಿ ಹೋಗುವ ರಸ್ತೆಗಳಲ್ಲಿ ನೆಟ್ಟಗಿನ ದಾರಿ ಎಷ್ಟಿದೆಯೆಂಬುದು ನಿಮಗೆ ತಿಳಿಯದ್ದೇನಲ್ಲ.

ಹೀಗೇ ಒಂದೆರಡು ವರ್ಷ ಓಡಿಸಿದ ಮೇಲೆ, ಮೊದಲನೆಯ ಸುಧಾರಣೆಯನ್ನು ಮನೆಯಲ್ಲೇ ಕೈಗೊಂಡೆ. ಹೆಡ್‌ಲೈಟಿನ ಗಾಜು ಬಿಚ್ಚಿ ನೋಡಿದರೆ ಒಳಗಿನ ಬಟ್ಟಲು ಮಬ್ಬಾಗಿತ್ತು. ನನಗೆ ತಟ್ಟನೆ ನನ್ನ ಅವ್ವನ ನೆನಪಾಯಿತು. ನಮ್ಮದು ಬನವಾಸಿ ದಾರಿಯ ದಾಸನಕೊಪ್ಪ. ದೀಪಾವಳಿಯ ಮೊದಲ ದಿನ ಅವ್ವ ಮನೆಯ ಹಿತ್ತಾಳೆ ದೀಪಗಳನ್ನೆಲ್ಲ ಹಿತ್ತಲಲ್ಲಿ ಹಾಕಿಕೊಂಡು ಕೂತು, ಹುಣಸೆಹಣ್ಣು ಬೂದಿ ಸೇರಿಸಿ ತೆಂಗಿನ ನಾರಿನಿಂದ ತಿಕ್ಕುತ್ತಿದ್ದಳು. ತಿಕ್ಕಿದ ಮೇಲೆ ಅವುಗಳಲ್ಲಿ ನಮ್ಮ ಮುಖ ಕಾಣುತ್ತಿತ್ತು. ದೀಪ ಎಂದ ಮೇಲೆ ದೀಪ, ಎಣ್ಣೆಯದಾದರೇನು, ಫಟಫಟಿಯದಾದರೇನು? ನಾನೂ ಹುಣಸೆಹಣ್ಣು, ಬೂದಿ, ನಾರು ತೆಗೆದುಕೊಂಡು ಕೂತೆ. ಅರ್ಧ ಗಂಟೆ ಭಕ್ತಿಯಿಂದ ತಿಕ್ಕಿದೆ. ಮಬ್ಬು ಹೋಯಿತು, ಮಬ್ಬಿನ ಹಿಂದೆ ಇದ್ದ ಬೆಳ್ಳಿಯ ಲೇಪವೂ ಹೋಯಿತು. ಉಳಿದದ್ದು ಒಂದು ಕಂದು ಬಣ್ಣದ ತಗಡು.

ಅದನ್ನು ಹಿಡಿದುಕೊಂಡು ಪೆದ್ರು ಮೇಸ್ತ್ರಿಯ ಗ್ಯಾರೇಜಿಗೆ ಹೋದೆ. ಪೆದ್ರು ಕರಾವಳಿಯಿಂದ ಘಟ್ಟ ಹತ್ತಿ ಬಂದವನು, ಕೊಂಕಣಿ ಮನೆಮಾತಿನವನು. ಕೈ ಕೆಲಸದಲ್ಲಿ ಗಟ್ಟಿಗ, ನಾಲಗೆಯಲ್ಲಿ ಇನ್ನೂ ಗಟ್ಟಿಗ. ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದ. ಮೂಗಿನ ಹತ್ತಿರ ಹಿಡಿದು ಮೂಸಿದ.

"ಹುಣಸೆಹಣ್ಣಾ ಮಾಸ್ತರ್?"

"ಹೌದು."

"ಉಪ್ಪು, ಮೆಣಸು ಹಾಕಲಿಲ್ಲವಾ? ಹಾಕಿದ್ರೆ ಸಾರಾದರೂ ಆಗ್ತಿತ್ತು."

ಅವನೇ ಒಂದು ಉಪಾಯ ಹೇಳಿದ. ಗುಜರಿಗೆ ಹೋದ ಬಸ್ಸೊಂದರ ಹೆಡ್‌ಲೈಟು ಅವನ ಅಟ್ಟದ ಮೇಲೆ ಇತ್ತು. ಅದಕ್ಕೆ ಫಟಫಟಿಯ ಬಲ್ಬು ಹೊಂದಿಸಿ, ಹೊಸ ಬ್ಯಾಟರಿ ಕೂಡಿಸಿ, ಮುಂದೆ ಕಬ್ಬಿಣದ ಪಟ್ಟಿ ಹಾಕಿ ಬಿಗಿದುಕೊಟ್ಟ. ಗಾಡಿಯ ಮುಖಕ್ಕಿಂತ ಕಣ್ಣು ದೊಡ್ಡದಾಯಿತು. ಸ್ವಿಚ್ಚು ಹಾಕಿದಾಗ ಎದುರಿನ ಗೋಡೆಯ ಮೇಲೆ ಮಧ್ಯಾಹ್ನವಾಯಿತು. ನನಗೆ ಎದೆ ತುಂಬಿ ಬಂತು. ತಿರುವಿನಲ್ಲೂ ಮಂಕಾಗದ ಬೆಳಕು! ಇನ್ನು ನಮ್ಮ ಜಿಲ್ಲೆಯಲ್ಲಿ ಯಾವ ಕೂಸೂ ನೀಲವ್ವ ಮುಟ್ಟುವ ಮೊದಲು ಹುಟ್ಟಲಾರದು ಎಂದುಕೊಂಡೆ.

ಜನ ಆ ಬೆಳಕನ್ನು ಬೇರೆ ರೀತಿಯಲ್ಲಿ ತೆಗೆದುಕೊಂಡರು. ರಸ್ತೆ ಬದಿಯಲ್ಲಿ ಗಂಟು ಹಿಡಿದು ನಿಂತವರೆಲ್ಲ ನನ್ನನ್ನು ನೋಡಿ ಕೈ ಮಾಡತೊಡಗಿದರು. ಒಂದು ಸಂಜೆ ನೀಲವ್ವನನ್ನು ಕೂರಿಸಿಕೊಂಡು ಹೊರಟಾಗ ಯಲ್ಲಾಪುರದ ದಾರಿಯಲ್ಲಿ ಮುದುಕರೊಬ್ಬರು ನಡುರಸ್ತೆಗೇ ಬಂದು ನಿಂತರು. ಕಂಕುಳಲ್ಲಿ ಒಂದು ದೊಡ್ಡ ಹಿತ್ತಾಳೆಯ ಗಂಟೆ. ಚಂದಗುಳಿಯ ಗಣಪತಿಗೆ ಹರಕೆ ಒಪ್ಪಿಸಲು ಹೊರಟವರು.

"ಯಲ್ಲಾಪುರ ಬಸ್ಸಲ್ದಾ ಇದು?"

"ಅಲ್ಲರಿ ಅಜ್ಜಾರ, ಫಟಫಟಿ."

ಅವರು ಸುತ್ತ ಒಂದು ಪ್ರದಕ್ಷಿಣೆ ಬಂದು ಪರೀಕ್ಷೆ ಮಾಡಿದರು. "ದೀಪ ನೋಡಿರೆ ಬಸ್ಸು, ಸಪ್ಪಳ ಕೇಳಿರೆ ಗಿರಣಿ. ಎಂತದು ಹೇಳಿ ತಿಳ್ಕಳವು?" ಎಂದು ಗಂಟೆಯನ್ನು ಮತ್ತೆ ಕಂಕುಳಿಗೆ ಸೇರಿಸಿಕೊಂಡು ರಸ್ತೆ ಬದಿಗೆ ಹೋದರು. ನನ್ನ ಗಾಡಿಗೆ 'ಒಕ್ಕಣ್ಣಿನ ಬಸ್ಸು' ಎಂಬ ಹೆಸರು ಬಿದ್ದದ್ದು ಆಮೇಲೆ. ಶಾಲೆಯಲ್ಲಿ ಸಹೋದ್ಯೋಗಿಗಳು ಟಿಕೆಟ್ಟು ಕೇಳುತ್ತಿದ್ದರು.

ಇಷ್ಟೆಲ್ಲ ಬೆಳಕಿದ್ದೂ ನನಗೆ ಸಮಾಧಾನವಿರಲಿಲ್ಲ ಎಂಬುದೇ ವಿಚಿತ್ರ. ದೀಪ ಬಿದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ಅದರಾಚೆ ಏನೂ ಇಲ್ಲ; ಮಸಿ ಸುರಿದ ಕಾಗದ. ತರಗತಿಯಲ್ಲಿ ನಾನು ದೂರದ ರಸ್ತೆಯ ಎರಡು ಗೆರೆಗಳು ಒಂದು ಬಿಂದುವಿನಲ್ಲಿ ಸೇರಿ ಮಾಯವಾಗುತ್ತವೆ ಎಂದು ಕಲಿಸುತ್ತಿದ್ದೆ. ರಾತ್ರಿಯಲ್ಲಿ ಆ ಬಿಂದು ನನ್ನ ಮುಂದಿನ ಚಕ್ರದಿಂದ ಹತ್ತು ಮಾರು ದೂರದಲ್ಲೇ ಇರುತ್ತಿತ್ತು. ಎಲ್ಲರಿಗೂ ಹೀಗೆಯೇ ಎಂದು ನಾನು ತಿಳಿದಿದ್ದೆ. ಕತ್ತಲೆ ಎಂದರೆ ಕಾಣದಿರುವುದು ತಾನೇ? ಕಂಡರೆ ಅದನ್ನು ಕತ್ತಲೆ ಎಂದು ಏಕೆ ಕರೆಯುತ್ತಾರೆ?

ಚಿಕ್ಕಂದಿನಲ್ಲೂ ನಾನು ಹೀಗೇ. ಮುಸ್ಸಂಜೆಯಲ್ಲಿ ಕಣ್ಣಾಮುಚ್ಚಾಲೆ ಆಡುವಾಗ ನಾನು ಯಾರನ್ನೂ ಹಿಡಿದವನಲ್ಲ. ಸೂರ್ಯ ಮುಳುಗುವ ಮೊದಲೇ ಮನೆ ಸೇರಿ ಲಾಟೀನಿನ ಹತ್ತಿರ ಪುಸ್ತಕ ಬಿಚ್ಚಿ ಕೂರುತ್ತಿದ್ದೆ. "ನನ್ನ ಮಗಾ ದೀಪ ಹಚ್ಚೂದ್ರಾಗ ಮನಿ ಸೇರ್ತಾನ," ಎಂದು ಅವ್ವ ಓಣಿಗೆಲ್ಲ ಹೇಳಿ, ಉಳಿದ ಮನೆಗಳ ಹುಡುಗರಿಗೆ ಏಟು ಬೀಳಿಸುತ್ತಿದ್ದಳು. ಅಷ್ಟು ಒಳ್ಳೆಯ ಮಗನಿಗೆ ಊಟದಲ್ಲಿ ಮಾತ್ರ ಸೊಪ್ಪು ಆಗದು. ಮೆಂತ್ಯ, ರಾಜಗಿರಿ, ಹಕ್ಕರಿಕೆ ಏನೇ ಹಾಕಲಿ, ಎಲ್ಲ ತಟ್ಟೆಯ ಅಂಚಿಗೆ. "ನಾ ಏನ್ ಎಮ್ಮೀನ?" ಎಂದು ಕೇಳುತ್ತಿದ್ದೆ. ಹಾಲಿಗೆ ವಾಸನೆ, ತುಪ್ಪಕ್ಕೆ ಜಿಡ್ಡು, ಕುಂಬಳಕ್ಕೆ ಸಿಹಿ. ರೊಟ್ಟಿ, ಶೇಂಗಾ ಚಟ್ನಿ, ಅನ್ನ, ಉಪ್ಪಿನಕಾಯಿ, ಇಷ್ಟರಲ್ಲೇ ಮೂವತ್ತು ವರ್ಷ ದಾಟಿಸಿದ್ದೆ. ಮದುವೆಯಾದ ಮೇಲೆ ನೀಲವ್ವನೂ ನಾಲ್ಕು ದಿನ ಸೊಪ್ಪಿನ ಪಲ್ಯ ಮಾಡಿ, ನಾಲ್ಕೂ ದಿನ ತಾನೇ ತಿಂದು ಕೈಬಿಟ್ಟಿದ್ದಳು.

ಶಾಲೆಯಲ್ಲಿ ಒಮ್ಮೆ 'ರಾತ್ರಿಯ ಆಕಾಶ' ಬರೆಯಿರಿ ಎಂದು ಹೇಳಿದ್ದೆ. ಹುಡುಗಿಯೊಬ್ಬಳು ಹಾಳೆಯ ತುಂಬ ಚುಕ್ಕಿ ಇಟ್ಟು ತಂದಳು, ಬೆರಳಿಡಲು ಜಾಗವಿಲ್ಲ. ನಾನು ಕೆಂಪು ಶಾಯಿಯಲ್ಲಿ 'ಅತಿಶಯೋಕ್ತಿ' ಎಂದು ಬರೆದು ಮಾರ್ಕು ಕತ್ತರಿಸಿದೆ. ಬೋರ್ಡಿನ ಮೇಲೆ ನಾನೇ ಏಳೆಂಟು ನಕ್ಷತ್ರ ಹಾಕಿ, ಒಂದು ಚಂದ್ರ ಬರೆದು, "ಕಣ್ಣಿಗೆ ಕಂಡಷ್ಟೇ ಬರೆಯಬೇಕು" ಎಂದು ಉಪದೇಶ ಮಾಡಿದೆ. ಆ ಹುಡುಗಿ ಬೋರ್ಡನ್ನೂ ನನ್ನನ್ನೂ ಒಮ್ಮೆ ನೋಡಿ ಸುಮ್ಮನೆ ಹೋಗಿ ಕೂತಳು.

ಇನ್ನು ನೀಲವ್ವನ ಮಾತಿನ ವಿಷಯ. ಹಗಲು ಅವಳು ಸಾಮಾನ್ಯ ಮನುಷ್ಯರಷ್ಟೇ ಮಾತಾಡುವವಳು. ಕತ್ತಲಲ್ಲಿ ಫಟಫಟಿಯ ಹಿಂದೆ ಕೂತಳೆಂದರೆ ರೇಡಿಯೋ ಹಚ್ಚಿದ ಹಾಗೆ. ಹೊರಟಲ್ಲಿಂದ ಮುಟ್ಟುವವರೆಗೆ ಬಾಯಿಗೆ ಬಿಡುವಿಲ್ಲ.

"ಹುಣಸೀಮರ ಬಂತು ನೋಡ್ರಿ. ಇದರ ಬುಡಕ್ಕಲ್ಲೇನು ಹ್ವಾದ ವರ್ಷ ಕಂಡಕ್ಟರನ ಟೊಪ್ಪಿಗಿ ಹಾರಿಬಿದ್ದದ್ದು? ಇನ್ನ ಎಡಕ್ಕ ಹೊಳ್ಳತದ ರಸ್ತೆ. ಮೋರಿ ಬಂತು. ಇದನ್ನ ಕಟ್ಟಿದವಗ ಬುದ್ಧಿ ಇಲ್ಲರಿ, ಬಲಗಡೆ ಕಟ್ಟೀನ ಇಲ್ಲ. ಗಿರಣಿ ತೌಡಿನ ವಾಸನಿ ಬಂತು, ಇನ್ನ ಇಳಿಜಾರು. ನಿಮ್ಮ ಅಣ್ಣಾರು ಇಲ್ಲೇ ಸೈಕಲ್ಲಿಂದ ಬಿದ್ದು ಮೊಣಕಾಲ ಕೆತ್ತಿಸಿಕೊಂಡಿದ್ರು, ನೆನಪದ ಏನು? ಕೆಳಗ ಜಲ್ಲಿ ಹಾಕ್ಯಾರ..."

ಕಂಡದ್ದನ್ನೆಲ್ಲ ಹೇಳಬೇಕೆಂಬ ಈ ಚಟ ಹೆಂಗಸರಿಗೆ ಹುಟ್ಟಿನಿಂದಲೇ ಬರುತ್ತದೆ ಎಂದು ಗೆಳೆಯರ ಮುಂದೆ ನಾನು ಗೊಣಗುತ್ತಿದ್ದೆ. ನಡುನಡುವೆ ಅವಳು, "ಒಮ್ಮೆ ಡಾಕ್ಟರಿಗೆ ಕಣ್ಣು ತೋರಸಬಾರದೇನ್ರಿ?" ಎನ್ನುತ್ತಿದ್ದಳು. ಯಾರಿಗೆ ಹೇಳುತ್ತಿದ್ದಾಳೆ! ಒಂದು ನೂಲಿನ ವಾರೆ ಹಿಡಿಯುವ ಡ್ರಾಯಿಂಗ್ ಮಾಸ್ತರನಿಗೆ! "ಕಣ್ಣು ಸರಿ ಅದ. ಬೆಳಕು ಸಾಲದು," ಎಂದು ನಾನು ಮರುದಿನ ಪೆದ್ರುವಿನ ಹತ್ತಿರ ಹೋಗಿ ಹೊಸ ಬಲ್ಬು ಹಾಕಿಸಿಕೊಂಡು ಬರುತ್ತಿದ್ದೆ.

ಬಸ್ಸಿನ ದೀಪ ಹಾಕಿಸಿದ ಮೇಲೆ ನಾವು ಮೊದಲು ಹೋದದ್ದು ಸಿದ್ದಾಪುರ ರಸ್ತೆಯ ತಿಮ್ಮಣ್ಣ ಹೆಗಡೆಯವರ ಮನೆಗೆ. ಅವರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕೈಕಾಲಿಗೆ ಬಾವು ಬಂದಿತ್ತು, ಮೈಯಲ್ಲಿ ರಕ್ತ ಕಡಿಮೆ, ನೀಲವ್ವನಿಗೆ ಆ ಹುಡುಗಿಯ ಬಗ್ಗೆ ಭಯವಿತ್ತು. ದಿನ ತುಂಬುವ ಮೊದಲೇ ನೋಡಿ ಬರಲು ಒಂದು ರಾತ್ರಿ ಹೊರಟಿದ್ದೆವು. ಡಾಂಬರು ರಸ್ತೆ ಮುಗಿದು ಎಡಕ್ಕೆ ಮಣ್ಣಿನ ದಾರಿ ಸೀಳುವಲ್ಲಿ ನಾನು ಗರ್ವದಿಂದ ಹೇಳಿದೆ:

"ಇನ್ನ ನಿನ್ನ ವರದಿ ಸಾಕು. ಹಗಲಾಗಿ ಬೆಳಕು ಬಿದ್ದದ. ಮನಿ ಮುಟ್ಟೂತನಕ ಬಾಯಿ ಮುಚ್ಚಕೊಂಡು ಕೂಡ್ತೀಯೇನು?"

"ಆತ್ರಿ," ಎಂದಳು. ಅಷ್ಟೇ. ಅಲ್ಲಿಂದ ಹೆಗಡೆಯವರ ಅಂಗಳದವರೆಗೆ ಒಂದು ಮಾತಿಲ್ಲ. ಅವಳ ಕೈಗಳು ಮಾತ್ರ ನನ್ನ ಎರಡೂ ಹೆಗಲ ಮೇಲಿದ್ದವು. ಒಮ್ಮೆ ಎಡಗಡೆ ಬಿಗಿಯಾಗುತ್ತಿತ್ತು, ಒಮ್ಮೆ ಬಲಗಡೆ. ಹೆದರಿದ್ದಾಳೆ ಪಾಪ ಎಂದುಕೊಂಡು, ಕೈ ಬಿಗಿಯಾದ ಕಡೆಗೆ ಗಾಡಿ ತಿರುಗಿಸುತ್ತ ಸುಖವಾಗಿ ಮುಟ್ಟಿದೆ. ನನ್ನ ದೀಪದ ಪ್ರತಾಪವನ್ನು ಹೆಗಡೆಯವರಿಗೂ ವರ್ಣಿಸಿದೆ.

ಇದಾಗಿ ಹದಿನೈದು ದಿನಕ್ಕೆ ಒಂದು ಸಂಜೆ, ಶಾಲೆ ಬಿಟ್ಟವನು ನೆಟ್ಟಗೆ ಪೆದ್ರುವಿನ ಗ್ಯಾರೇಜಿಗೆ ಹೋಗಿದ್ದೆ. ದೀಪ ಸ್ವಲ್ಪ ಮೇಲಕ್ಕೆ ಹೊಡೆಯುತ್ತಿದೆ, ಕೆಳಗಿಳಿಸಬೇಕು ಎಂದು ನನ್ನ ಹಟ. ಪೆದ್ರು ಇಳಿಸಿದ. ಸರಿಯಾಯಿತೋ ಇಲ್ಲವೋ ನೋಡಬೇಕಾದರೆ ಕತ್ತಲಾಗಬೇಕಲ್ಲ? ಅದಕ್ಕೆಂದು ನಾನು ಅಲ್ಲೇ ಚಾ ಕುಡಿಯುತ್ತ ಸೂರ್ಯ ಮುಳುಗುವುದನ್ನು ಕಾಯುತ್ತ ಕೂತೆ. ಮುಳುಗಿತು. ದೀಪ ಹಾಕಿ ನೋಡಿದೆವು, ಸರಿಯಾಗಿತ್ತು. ಸಂತೋಷದಿಂದ ಮನೆಗೆ ಬಂದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯವರು ಚೀಟಿ ಕೊಟ್ಟರು. ನೀಲವ್ವನ ಅಕ್ಷರ:

"ಹೆಗಡೇರ ಮಗಳಿಗೆ ಬೇನೆ ಸುರುವಾಗಿದೆ. ನಾನು ಐದರ ಬಸ್ಸಿಗೆ ಹೊರಟೆ. ರಕ್ತ ನಿಲ್ಲಿಸುವ ಇಂಜೆಕ್ಷನ್ನಿನ ಪೆಟ್ಟಿಗೆ ಗಾಡಿಯ ಚೀಲದಲ್ಲೇ ಉಳಿದಿದೆ. ಬಂದ ಕೂಡಲೇ ತಂದುಕೊಡಿರಿ. ಬೆಳಕು ಇರುವಾಗಲೇ ಹೊರಡಿರಿ."

ಬೆಳಕು ಇರುವಾಗಲೇ! ಬೆಳಕು ಹೋಗಲಿ ಎಂದು ಚಾ ಕುಡಿಯುತ್ತ ಕಾದವನು ನಾನು. ಗಾಡಿಯ ಚೀಲಕ್ಕೆ ಕೈ ಹಾಕಿದೆ. ಸಣ್ಣ ತಗಡಿನ ಪೆಟ್ಟಿಗೆ ತಣ್ಣಗೆ ಕೈಗೆ ಸಿಕ್ಕಿತು. ಗಾಡಿ ತಿರುಗಿಸಿ ಸಿದ್ದಾಪುರ ರಸ್ತೆ ಹಿಡಿದೆ.

ಪೇಟೆಯ ದೀಪಗಳಾಚೆಯ ಕತ್ತಲಲ್ಲಿ ನಾನು ಒಬ್ಬನೇ ಗಾಡಿ ಓಡಿಸಿದ್ದು ಅದೇ ಮೊದಲು. ಅದು ಆವರೆಗೆ ನನ್ನ ಗಮನಕ್ಕೇ ಬಂದಿರಲಿಲ್ಲ. ಊರು ದಾಟಿದ ಕೂಡಲೆ ಮುಂದೆ ಒಂದು ಬೆಳ್ಳನೆ ವೃತ್ತ. ಕೈವಾರವಿಲ್ಲದೆ ಎಳೆದಂಥ ಸುಂದರವಾದ ವೃತ್ತ. ಅದರ ಹೊರಗೆ ಪ್ರಪಂಚವೇ ಇಲ್ಲ. ರಸ್ತೆ ಎಲ್ಲಿ ಹೊರಳುತ್ತದೆ, ಅಂಚು ಎಲ್ಲಿದೆ, ಒಂದೂ ತಿಳಿಯದು. ಕಾಲು ನೆಲಕ್ಕೆ ಊರಿ ಗಾಡಿ ನಿಲ್ಲಿಸಿದೆ. ಹಿಂದಿನ ಸೀಟು ಖಾಲಿ ಇತ್ತು. ಆ ಮೌನದಲ್ಲಿ ನನಗೆ ಮೊದಲ ಸಲ ಹೊಳೆಯಿತು: ಇಷ್ಟು ವರ್ಷ ಈ ರಸ್ತೆಯನ್ನು ನಾನು ನೋಡಿಯೇ ಇಲ್ಲ, ಕೇಳಿದ್ದೇನೆ.

ಹಿಂದಿರುಗಲು ಸಾಧ್ಯವಿರಲಿಲ್ಲ. ಕೇಳಿದ್ದನ್ನೇ ನೆನಪು ಮಾಡಿಕೊಂಡು ಹೊರಟೆ. ಹುಣಸೆಮರ, ಕಂಡಕ್ಟರನ ಟೊಪ್ಪಿಗೆ. ಎಡಕ್ಕೆ ಹೊರಳಿದೆ, ರಸ್ತೆಯೂ ಹೊರಳಿತು. ಬುದ್ಧಿಯಿಲ್ಲದವನು ಕಟ್ಟಿದ ಮೋರಿ. ಎಡಕ್ಕೆ ಒತ್ತಿ ದಾಟಿದೆ. ತೌಡಿನ ವಾಸನೆ, ಬ್ರೇಕು. ಅಣ್ಣನ ಮೊಣಕಾಲು, ಜಲ್ಲಿ. ಅವಳ ಹರಟೆಯನ್ನು ಪಾಠ ಒಪ್ಪಿಸುವ ಹುಡುಗನ ಹಾಗೆ ಗಟ್ಟಿಯಾಗಿ ಹೇಳಿಕೊಳ್ಳುತ್ತ ಏಳು ಮೈಲಿ ಹೋದೆ. ಬೇಸರದಿಂದ ಕೇಳಿದ್ದ ಒಂದೊಂದು ಮಾತೂ ಇದ್ದಲ್ಲೇ ಇತ್ತು. ಕಣ್ಣಲ್ಲಿ ನೀರು ಬರುತ್ತಿತ್ತು. ಅದರಿಂದ ಹೊಸದಾಗಿ ಆಗುವ ನಷ್ಟವೇನೂ ಇರಲಿಲ್ಲ.

ಮಣ್ಣಿನ ದಾರಿ ಸೀಳುವಲ್ಲಿಗೆ ಬಂದೆ. ಎಡಕ್ಕೆ ತಿರುಗಿದೆ. ಮುಂದೆ? ಮುಂದೆ ಮಾತಿಲ್ಲ. "ಬಾಯಿ ಮುಚ್ಚಕೊಂಡು ಕೂಡ್ತೀಯೇನು" ಎಂಬ ನನ್ನದೇ ಮಾತು ಬಿಟ್ಟರೆ ಬೇರೇನೂ ನೆನಪಿಗೆ ಬರಲಿಲ್ಲ. ಅವಳ ಕೈ ಎಲ್ಲಿ ಎಡಕ್ಕೆ ಒತ್ತಿತ್ತು, ಎಲ್ಲಿ ಬಲಕ್ಕೆ? ಹೆಗಲಿಗೆ ನೆನಪಿರಲಿಲ್ಲ. ಹೆಜ್ಜೆ ಹೆಜ್ಜೆಗೂ ಗಾಡಿ ತಳ್ಳಿದಂತೆ ಹೋದೆ. ಯಾವುದೋ ಒಂದು ಕಡೆ ದಾರಿ ಬಲಕ್ಕೆ ಹೋಯಿತು, ನಾನು ನೆಟ್ಟಗೆ ಹೋದೆ. ಮರುಕ್ಷಣ ಗಾಡಿ ಹಳ್ಳದಲ್ಲಿತ್ತು, ನಾನು ಅದರ ಪಕ್ಕದಲ್ಲಿ.

ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಅಲುಗಿಸಿ ನೋಡಿದೆ. ಹತ್ತಿಯಲ್ಲಿ ಸುತ್ತಿಟ್ಟ ಗಾಜು ಒಡೆದಿರಲಿಲ್ಲ. ಮನೆ ಹತ್ತಿರದಲ್ಲೇ ಎಲ್ಲೋ ಇರಬೇಕು. ಯಾವ ದಿಕ್ಕಿಗೆ? ಎದ್ದು ನಾಲ್ಕು ಹೆಜ್ಜೆ ಇಟ್ಟು ಹುಲ್ಲು ಬೆಳೆಸುವ ಬ್ಯಾಣದ ಮುಳ್ಳಿಗೆ ಸಿಕ್ಕಿದೆ. ಅಲ್ಲೇ ಕೂತು "ಹೆಗಡೇರ! ಹೆಗಡೇರ!" ಎಂದು ಕೂಗಿದೆ. ಒಂದು ಹೆಣ್ಣುಜೀವ ಅಲ್ಲಿ ನೆತ್ತರು ಹರಿದು ಹೋಗುತ್ತಿರಬಹುದು, ಅದನ್ನು ನಿಲ್ಲಿಸುವ ಔಷಧಿ ಹಿಡಿದುಕೊಂಡು ನಾನಿಲ್ಲಿ ಕೂಗುತ್ತ ಕೂತಿದ್ದೇನೆ. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ, ಅಷ್ಟು ಭಯ ಎಂದೂ ಆದದ್ದಿಲ್ಲ.

ಫಟಫಟಿ ಮಗುಚಿಕೊಂಡಿತ್ತು. ಇಂಜಿನ್ನು ನಿಂತರೂ ಹೊಸ ಬ್ಯಾಟರಿಯ ಕೃಪೆಯಿಂದ ಬಸ್ಸಿನ ದೀಪ ಆಕಾಶಕ್ಕೆ ಮುಖಮಾಡಿ ಉರಿಯುತ್ತಿತ್ತು. ನನಗೆ ದಾರಿ ತೋರಿಸಲಾರದ ಆ ದೀಪ ನನ್ನನ್ನು ಮಾತ್ರ ಊರಿಗೆಲ್ಲ ತೋರಿಸಿತು. ಸ್ವಲ್ಪ ಹೊತ್ತಿಗೆ ಒಣ ಗರಿಗಳನ್ನು ಕಟ್ಟಿ ಹಚ್ಚಿದ ಸೂಡಿಗಳು ಅಲ್ಲಾಡುತ್ತ ಬಂದವು. ಮುಂದೆ ತಿಮ್ಮಣ್ಣ ಹೆಗಡೆಯವರು.

"ಮಾಸ್ತರೇ, ಪೆಟ್ಟಿಗೆ ಇದ್ದಾ?"

"ಅದರಿ!"

ಅವರು ಪೆಟ್ಟಿಗೆ ಕಸಿದುಕೊಂಡು ಸೂಡಿ ಬೀಸುತ್ತ ಓಡಿದರು. ಅರವತ್ತು ದಾಟಿದ ಮನುಷ್ಯ ಹಾಗೆ ಓಡಿದ್ದನ್ನು ನಾನು ಕಂಡಿಲ್ಲ. ಆವತ್ತೂ ಕಂಡದ್ದು ಸೂಡಿಯ ಬೆಂಕಿಯನ್ನು ಮಾತ್ರ. ಉಳಿದವರು ನನ್ನ ಕೈ ಹಿಡಿದು ನಡೆಸಿಕೊಂಡು ಹೋದರು. "ದೀಪ ಬತ್ತಾ ಇತ್ತು, ಒಂದೇ ಸಲ ಆಕಾಶಕ್ಕೆ ನಿಂತ್ಕಂಡ್ತು. ಒಕ್ಕಣ್ಣಿನ ಬಸ್ಸು ಬಿತ್ತು ಹೇಳಿ ಓಡಿ ಬಂದ್ಯ," ಎಂದು ಅವರಲ್ಲೊಬ್ಬರು ಹೇಳಿದರು.

ಅರ್ಧ ಗಂಟೆಯ ಮೇಲೆ ಒಳಗಿನಿಂದ ಸುದ್ದಿ ಬಂತು. ರಕ್ತ ನಿಂತಿತು, ತಾಯಿ ಉಳಿದಳು, ಗಂಡು ಕೂಸು ಆಗಲೇ ಮನೆ ಹಾರಿಹೋಗುವಂತೆ ಅಳುತ್ತಿತ್ತು. ನಾನು ಜಗಲಿಯ ಕಂಬಕ್ಕೆ ಒರಗಿ ಕೂತಿದ್ದೆ. ಹೆಗಡೆಯವರ ತಾಯಿ, ತೀರ ಹಣ್ಣಾದ ಅಜ್ಜಿ, ನನಗೆ ಕಷಾಯ ತಂದರು. ಮೂಲೆಯಲ್ಲಿ ಒಂದು ಚಿಮಣಿ ದೀಪ ಮಿಣಮಿಣ ಎನ್ನುತ್ತಿತ್ತು. ಅಜ್ಜಿ ಲೋಟ ಚಾಚಿದರು. ನಾನು ವಿನಯದಿಂದ ಎರಡೂ ಕೈ ಚಾಚಿ ಗಾಳಿಯನ್ನು ಹಿಡಿದೆ.

"ತಮ್ಮಾ, ಲೋಟ ಇಲ್ಲಿದ್ದು," ಎಂದರು ಅಜ್ಜಿ. ಇನ್ನೊಮ್ಮೆ ಚಾಚಿದೆ. ಈ ಸಲ ಅವರ ಬಳೆ ಸಿಕ್ಕಿತು. ಅಜ್ಜಿ ನನ್ನ ಮುಖವನ್ನೇ ನೋಡಿದರು. ಆಮೇಲೆ ಇಡೀ ಜಗಲಿಗೆ ಕೇಳುವಂತೆ ತೀರ್ಪು ಕೊಟ್ಟರು: "ಈ ಮಾಸ್ತರಿಗೆ ಇರುಳುಗಣ್ಣು. ರಾತ್ರಿ ಎಂತದೂ ಕಾಣ್ತಿಲ್ಲೆ. ಆನು ನಮ್ಮನೆ ದೊಡ್ಡಪ್ಪಯ್ಯನ್ನ ನೋಡಿದ್ದಿ, ಥೇಟ್ ಹೀಂಗೇ."

ನೀಲವ್ವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಿದ್ದಳು. "ಹೌದ್ರಿ ಅಜ್ಜಿ," ಎಂದಳು, ಬಹಳ ಸಹಜವಾಗಿ. "ಮದಿವ್ಯಾದ ಮೊದಲನೇ ವರ್ಷನ ನನಗ ಗೊತ್ತಾತು."

ಮರುದಿನ ಬೆಳಗಾದ ಮೇಲೆ ಗಾಡಿ ಎತ್ತಿಸಿ ಹೊರಟೆವು. ದಾರಿಯಲ್ಲಿ ನಾನು ಸಿಟ್ಟು ಮಾಡಿದೆ. ತಪ್ಪು ನನ್ನದಾದಾಗ ಮೊದಲು ಸಿಟ್ಟು ಮಾಡುವುದು ನನ್ನ ಪದ್ಧತಿ.

"ಗೊತ್ತಿದ್ದೂ ಯಾಕ ಹೇಳಲಿಲ್ಲ?"

"ಹೇಳಿದೆನಲ್ರಿ. ಕಣ್ಣು ತೋರಸ್ರಿ ಅಂದೆ. ನೀವು ಬಲ್ಬು ತಂದ್ರಿ."

"ಗೊತ್ತಿದ್ದೂ ನನ್ನ ಹಿಂದ ಕೂತ್ಯಲ್ಲ, ಹೆದರಿಕಿ ಆಗಲಿಲ್ಲೇನು?"

"ಆಗ್ತಿತ್ತು. ಆದ್ರ ಹಡಿಯೋರು ಕಾಯ್ತಿದ್ರಲ್ರಿ. ಮತ್ತ ನಾ ಕೂಡದಿದ್ರ ನೀವು ಒಬ್ರ ಹೋಗ್ತಿದ್ರಿ."

ನಾನು ಗಾಡಿಯನ್ನು ಮನೆಯ ಕಡೆ ತಿರುಗಿಸದೆ ನೆಟ್ಟಗೆ ದವಾಖಾನೆಗೆ ಓಡಿಸಿದೆ. 

ದವಾಖಾನೆಯ ಡಾಕ್ಟರು ಕಣ್ಣಿಗೆ ಬ್ಯಾಟರಿ ಲೈಟು ಬಿಟ್ಟು ನೋಡಿ, ಏನೇನು ಊಟ ಮಾಡುತ್ತೀರಿ ಎಂದು ಕೇಳಿದರು. ಹೇಳಿದೆ. "ಇಷ್ಟು ತಿಂದು ಹಗಲಾದರೂ ಕಾಣುತ್ತಿದೆಯಲ್ಲ, ಅದೇ ದೊಡ್ಡದು," ಎಂದರು. ಔಷಧಿ ಮೀನೆಣ್ಣೆ. ಕೊರಳಲ್ಲಿ ಲಿಂಗವಿದ್ದವನು ಮೀನೆಣ್ಣೆ ಕುಡಿಯುವುದು ಹೇಗೆ ಎಂದು ನಾನು ಹೌಹಾರಿದೆ. "ಬ್ಯಾಡಾದ್ರ ಸೊಪ್ಪು ತಿನ್ರಿ, ಹಾಲು ಕುಡೀರಿ, ದಿನಾ," ಎಂದಳು ನೀಲವ್ವ. ಮೀನೋ ಸೊಪ್ಪೋ ಎಂಬ ಆ ಧರ್ಮಸಂಕಟದಲ್ಲಿ ನಾನು ಎಮ್ಮೆಯಾಗುವುದನ್ನು ಆರಿಸಿಕೊಂಡೆ. ಹೆಗಡೆಯವರ ಅಜ್ಜಿ ಕಣ್ಣಿಗೆ ಒಳ್ಳೆಯದೆಂದು ಹೊನಗೊನ್ನೆಯ ಬೇರು ಕಳಿಸಿದರು, ಜೊತೆಗೆ ಅದರ ತಂಬುಳಿ ಮಾಡುವ ಕ್ರಮವನ್ನೂ. ಇವತ್ತು ಮೆಟ್ಟಿಲ ಪಕ್ಕದ ದೀಪದಲ್ಲಿ ಬೆಳೆಯುತ್ತಿರುವುದು ಆ ಬೇರಿನ ಸಂತಾನವೇ. ಬೆಳಿಗ್ಗೆ ಹೊನಗೊನ್ನೆ, ರಾತ್ರಿ ಹೊನಗೊನ್ನೆ, ನಡುವೆ ಬಾಯಿ ರುಚಿ ಬದಲಾಗಲೆಂದು ನುಗ್ಗೆಸೊಪ್ಪು.

ಎರಡು ತಿಂಗಳಾಗಿರಬಹುದು. ಒಂದು ರಾತ್ರಿ ಕೈ ತೊಳೆಯಲು ಹಿತ್ತಲಿಗೆ ಹೋದವನು ಮೇಲೆ ನೋಡಿದೆ. ಆಕಾಶದಲ್ಲಿ ಬೆರಳಿಡಲು ಜಾಗವಿರಲಿಲ್ಲ. ಅನ್ನದ ಕೈ ಒಣಗುವವರೆಗೆ ಅಲ್ಲೇ ನಿಂತಿದ್ದೆ. ಮರುದಿನ ಆ ಹುಡುಗಿಯ ಮಾರ್ಕು ಹಿಂದಕ್ಕೆ ಕೊಡೋಣವೆಂದು ವಿಚಾರಿಸಿದರೆ, ಅವಳು ಪಾಸಾಗಿ ಶಾಲೆ ಬಿಟ್ಟು ವರ್ಷವಾಗಿತ್ತು.

ಆ ವಾರವೇ ಹೆಗಡೆಯವರ ಊರಿನಿಂದ ಮತ್ತೊಂದು ಕರೆ ಬಂತು. ಹೊತ್ತು ಮುಳುಗಿದ ಮೇಲೆ ಹೊರಟೆವು. ನಾನು ರಸ್ತೆಯನ್ನು ನೋಡಿದೆ. ಅಂಚು, ಅಂಚಿನ ಹುಲ್ಲು, ಹುಲ್ಲಿನಾಚೆಯ ಬೇಲಿ, ಎಲ್ಲವೂ ಕಾಣುತ್ತಿತ್ತು. ಹುಣಸೆಮರ ಬಂತು, ಹೋಯಿತು. ಮೋರಿ ಬಂತು, ಹೋಯಿತು. ಹಿಂದಿನಿಂದ ಸದ್ದಿಲ್ಲ.

"ಯಾಕ, ಮಾತಾಡವಲ್ಲಿ?" ಎಂದು ಕೇಳಿದೆ.

"ಈಗ ನಿಮಗ ಕಾಣಸ್ತದಲ್ರಿ," ಎಂದಳು.

ಮತ್ತೆ ಸುಮ್ಮನಾದಳು. ಇಂಜಿನ್ನಿನ ಸದ್ದೊಂದೇ ಕೇಳುತ್ತಿತ್ತು. ಎರಡು ಮೈಲಿ ತಡೆದುಕೊಂಡೆ. ಇಷ್ಟು ವರ್ಷ ಬಯಸಿದ್ದ ಶಾಂತಿ ಸಿಕ್ಕಿತ್ತು, ಮತ್ತು ಅದು ನನಗೆ ಒಂದಿಷ್ಟೂ ಹಿಡಿಸಲಿಲ್ಲ. ಗಾಡಿಯ ವೇಗ ಇಳಿಸಿದೆ. ಮುಂದೆ ಹಲಸಿನ ಮರವೊಂದು ಎಲೆ ಎಲೆಯೂ ಕಾಣುವಂತೆ ನಿಂತಿತ್ತು. "ಅಲ್ಲೇನದು? ಕರ್ರಗ? ಸರಿಯಾಗಿ ಕಾಣವಲ್ದು," ಎಂದೆ.

 ನಾನು ಸುಳ್ಳು ಹೇಳುವಾಗ ನನ್ನ ಬೆನ್ನಿನಿಂದಲೇ ನೀಲವ್ವನಿಗೆ ತಿಳಿಯುತ್ತದೆ. ಆದರೂ ನನ್ನ ಹೆಗಲ ಮೇಲೆ ಕೈ ಇಟ್ಟಳು.

"ಹಲಸಿನ ಮರರಿ ಅದು," ಎಂದು ಸುರುಮಾಡಿದಳು. "ಹಣ್ಣು ರುಚಿ ಇಲ್ಲಂತ, ಆದ್ರೂ ಕಡಿಯಾಕ ಮನಸಿಲ್ಲ ಆ ಮನೆಯವರಿಗೆ. ಇನ್ನ ಬಲಕ್ಕ ಹೊಳ್ಳತದ ನೋಡ್ರಿ..."

ನಾನು ಅವಳು ಹೇಳಿದಲ್ಲೆಲ್ಲ ಹೊರಳಿದೆ. ಹೇಳುತ್ತ ಹೇಳುತ್ತ ಡಾಂಬರು ರಸ್ತೆ ಮುಗಿಯಿತು. ಮಣ್ಣಿನ ದಾರಿ ಸೀಳುವಲ್ಲಿ ಅವಳು ತಟ್ಟನೆ ಮಾತು ನಿಲ್ಲಿಸಿದಳು.

"ಯಾಕ?"

"ಇಲ್ಲಿಂದ ಮುಂದ ನೀವ ಹೇಳ್ರಿ," ಎಂದಳು. "ಈ ದಾರಿಯೊಳಗ ನನ್ನ ಬಾಯಿ ಮುಚ್ಚಿಸಿದ್ರಿ. ನೀವು ಎಲ್ಲಿ ಬಿದ್ರಿ, ಏನು ಅಂತ ಕೂಗಿದ್ರಿ, ನನಗ ಏನೂ ಗೊತ್ತಿಲ್ಲ."

ನಾನು ಎಡಕ್ಕೆ ತಿರುಗಿಸಿದೆ. "ಮೊದಲಿಗೆ ಒಂದು ಗೇರಿನ ಗಿಡ ಬರತದ," ಎಂದು ಹೇಳತೊಡಗಿದೆ.